ನೂರ ಇಪ್ಪತ್ತು ದಾಟಿದಾಗ ಬರುವ ಸದ್ದು

ದುಬೈಗೆ ಹೋಗಿ ಬಂದ ಮೇಲೆ ಡಿಪೋದಲ್ಲಿ ಎಲ್ಲರೂ ಕೇಳಿದ್ದು ಒಂದೇ. ಆ ಎತ್ತರದ ಕಟ್ಟಡ ಹತ್ತಿದೆಯಾ? ಇಲ್ಲ. ಮರಳುಗುಡ್ಡದ ಮೇಲೆ ಜೀಪು ಹಾರಿಸುತ್ತಾರಂತಲ್ಲ, ಅದು? ಅದೂ ಇಲ್ಲ. "ಮತ್ತೆ ಹದಿನಾಲ್ಕು ದಿನ ಏನು ಕಡಿದು ಗುಡ್ಡೆ ಹಾಕಿದೆ ಮಾರಾಯ?"

"ರಸ್ತೆ ನೋಡಿದೆ" ಎಂದೆ. ಬಿದ್ದು ಬಿದ್ದು ನಕ್ಕರು. ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ರಸ್ತೆ ನೋಡಲು ವಿಮಾನ ಹತ್ತಿ ಹೋದನಂತೆ. ನಗಲಿ ಬಿಡಿ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವನು. ಕೆಲಸ ಸಿಕ್ಕಿದ್ದು ಪುತ್ತೂರು ಡಿಪೋದಲ್ಲಿ, ಹೆಂಡತಿ ಸಿಕ್ಕಿದ್ದೂ ಪುತ್ತೂರಿನಲ್ಲೇ. ಸುಮತಿ ಲ್ಯಾಬ್ ಟೆಕ್ನಿಷಿಯನ್. ಒಂಬತ್ತು ವರ್ಷದಿಂದ ದುಬೈಯಲ್ಲಿ ಕೆಲಸ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ. ನಾನು ಡಿಪೋದ ಹಿಂದಿನ ಬಾಡಿಗೆ ಕೋಣೆಯಲ್ಲಿ. ಮೂರು ಜನರ ಸಂಸಾರಕ್ಕೆ ಮೂರು ಊರು, ಮೂರು ಒಲೆ. ಅಪಘಾತ ಮಾಡದ ಚಾಲಕ ಎಂದು ಕೊಟ್ಟ ಬೆಳ್ಳಿ ಪದಕವೊಂದು ನನ್ನ ಖಾಕಿ ಅಂಗಿಯ ಮೇಲಿದೆ. ನನ್ನ ಸೀಟಿನ ಹಿಂದೆ ಒಂದು ಬೋರ್ಡೂ ಇದೆ: ಚಾಲಕರೊಂದಿಗೆ ಮಾತನಾಡಬಾರದು. ಬೇರೆಯವರಿಗೆ ಅದು ಗೋಡೆಬರಹ. ನನಗೆ ಅದು ದೇವರ ಮಾತು. ಶಾಸಕರು ಬಂದು ಬಾನೆಟ್ ಮೇಲೆ ಕೂತು ಮಾತಿಗೆಳೆದರೂ ನಾನು ಹೂಂ ಅಂದವನಲ್ಲ.

ಇಡೀ ದಿನ ಬಾಯಿ ಮುಚ್ಚಿಕೊಂಡಿರುವ ಮನುಷ್ಯನಿಗೆ ಸಂಜೆ ಏಳೂಕಾಲು ಮುಖ್ಯ. ಆಗ ಸುಮತಿಯ ಫೋನು ಬರುತ್ತದೆ. ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ. ಆ ಹೊತ್ತಿಗೆ ಕೋಣೆಯಲ್ಲಿರಬೇಕೆಂದು ಹೊರಗೆ ತಂಗುವ ಡ್ಯೂಟಿಯನ್ನೇ ಬಿಟ್ಟೆ, ಅದರ ಭತ್ಯೆಯೂ ಹೋಯಿತು. ನಾಲ್ಕು ವರ್ಷದಿಂದ ಮಾತಿನ ಹಿಂದೆ ಯಾವಾಗಲೂ ಒಂದು ಸದ್ದು ಇರುತ್ತಿತ್ತು. ಟಿಂಗ್, ಟಿಂಗ್, ಟಿಂಗ್. ಸ್ವಲ್ಪ ಹೊತ್ತು ಬರುವುದು, ನಿಲ್ಲುವುದು, ಮತ್ತೆ ಬರುವುದು. "ಅದೇನೇ ಅದು?" ಎಂದು ಒಮ್ಮೆ ಕೇಳಿದ್ದೆ. "ಲ್ಯಾಬಿನ ಮಿಷನ್. ಡ್ಯೂಟಿ ಮುಗ್ದು ಇಲ್ಲೇ ಕೂತು ಫೋನ್ ಮಾಡುದಲ್ವಾ" ಎಂದಳು. ನನಗೆ ಆ ಮಿಷನ್ ಮೇಲೆ ಪ್ರೀತಿಯೇ ಹುಟ್ಟಿತ್ತು. ಎರಡು ವರ್ಷದ ಹಿಂದೆ ನನ್ನ ಅವ್ವ ತೀರಿಕೊಂಡ ದಿನ ಸುದ್ದಿ ಹೇಳಿದ್ದೂ ಅದೇ ಏಳೂಕಾಲರ ಫೋನಿನಲ್ಲಿ. ಹೇಳಿದ ಕೂಡಲೇ ಸದ್ದು ನಿಂತುಹೋಯಿತು. ಯಾರೋ ಪುಣ್ಯಾತ್ಮರು ಅವಳ ಅಳು ನೋಡಿ ಮಿಷನ್ ಆಫ್ ಮಾಡಿದರು ಅಂದುಕೊಂಡೆ.

ಈ ವರ್ಷ ಅವಳಿಗೆ ರಜೆ ಸಿಗಲಿಲ್ಲ. ಅದಕ್ಕೆ ನಾನೇ ಹೊರಟೆ.

ವಿಮಾನ ನಿಲ್ದಾಣ

ಸುಮತಿ ಡ್ಯೂಟಿಯಲ್ಲಿದ್ದಳು. ಕರೆದುಕೊಂಡು ಹೋಗಲು ಬಂದವರು ಅವಳ ಮನೆ ಮಾಲೀಕರು, ಮೂಲತಃ ಬಂಟ್ವಾಳದ ಹೆನ್ರಿ ಪೊರ್ಬುಗಳು. ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಹಾಗೆ ಕರೆಯುವುದು ರೂಢಿ. ಅರವತ್ತು ದಾಟಿದ, ಬಾಯಿ ತುಂಬ ಮಾತಾಡುವ ಮನುಷ್ಯ.

ನಾನು ಕಾರಿನ ಎಡಗಡೆಗೆ ಹೋಗಿ ಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟಿಯರಿಂಗ್!

"ಓ, ನೀವೇ ಓಡಿಸ್ತೀರಾ? ಆಯ್ತು, ಯಲ್ಲಾ, ಹೊರಡುವ" ಎಂದು ನಕ್ಕರು ಪೊರ್ಬುಗಳು. ಅಲ್ಲಿ ಚಾಲಕ ಎಡಕ್ಕೆ, ಗಾಡಿ ಬಲಕ್ಕೆ. ಬಲಗಡೆಗೆ ಬಂದು ಕೂತರೆ ನನ್ನ ಕಾಲು ಕೇಳಬೇಕಲ್ಲ. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಬೋರ್ಡಿನಲ್ಲಿ ಎಂಬತ್ತು ಎಂದಿತ್ತು. ಮುಳ್ಳು ತೊಂಬತ್ತೆಂಟರಲ್ಲಿತ್ತು. ಬೇರೆಯವರ ಸ್ಟಿಯರಿಂಗ್ ವಿಷಯದಲ್ಲಿ ತಲೆ ಹಾಕುವವನಲ್ಲ ನಾನು. ಆದರೂ ಕೆಂಪು ದೀಪಕ್ಕೆ ಗಾಡಿ ನಿಂತಾಗ ತಡೆಯಲಾಗಲಿಲ್ಲ. "ಎಂಬತ್ತು ಅಂತ ಇತ್ತಲ್ಲ?"

"ಅದಕ್ಕೆ ಇಪ್ಪತ್ತು ಸೇರಿಸಿ ಓದ್ಬೇಕು. ಇಲ್ಲಿ ಇಪ್ಪತ್ತು ಗ್ರೇಸ್ ಉಂಟು. ನೂರು ದಾಟಿದ್ರೆ ಮಾತ್ರ ಕ್ಯಾಮೆರಾ ಫೋಟೋ ಹೊಡಿಯುದು. ಅಬುಧಾಬಿಯಲ್ಲಿ ಆ ಗ್ರೇಸ್ ಮಾಫಿ, ಇಲ್ಲವೇ ಇಲ್ಲ. ಬೋರ್ಡಲ್ಲಿ ಎಷ್ಟೋ ಅಷ್ಟೇ, ಒಂದು ಜಾಸ್ತಿ ಆದ್ರೂ ಖಲಾಸ್."

ನಮ್ಮಲ್ಲಿ ವೇಗಮಿತಿಯ ಬೋರ್ಡಿನ ಮೇಲೆ ಟ್ಯೂಷನ್ ಕ್ಲಾಸಿನ ಪೋಸ್ಟರ್ ಅಂಟಿಸಿರುತ್ತಾರೆ. ಓದುವವರೇ ಇಲ್ಲ. ಇವರು ಓದುತ್ತಾರೆ, ಓದಿ ಲೆಕ್ಕ ಮಾಡುತ್ತಾರೆ. ಎಂಬತ್ತು ಎಂದು ಬರೆದವನಿಗೂ ಗೊತ್ತು, ಓದಿದವನಿಗೂ ಗೊತ್ತು, ಅದು ಎಂಬತ್ತಲ್ಲ ಎಂದು. ಹಾಗಾದರೆ ನೂರು ಅಂತಲೇ ಬರೆಯಬಹುದಲ್ಲ ಎಂದೆ. "ನೂರು ಅಂತ ಬರೆದ್ರೆ ನೂರ ಇಪ್ಪತ್ತು ಹೋಗ್ತೇವಲ್ಲ ಮಾರಾಯ್ರೆ" ಎಂದರು ಪೊರ್ಬುಗಳು.

ಅಲ್ ಮುರಕ್ಕಬಾತ್, ಮೊದಲ ವಾರ

ಮನೆ ಅಲ್ ಮುರಕ್ಕಬಾತ್ ಎಂಬ ಬಡಾವಣೆಯ ಒಂದು ಹಳೆಯ ಕಟ್ಟಡದ ಐದನೇ ಮಹಡಿಯಲ್ಲಿ. ಕೆಳಗೆ ಹೋಟೆಲುಗಳ ಸಾಲು, ಸುಟ್ಟ ಮಾಂಸದ ಹೊಗೆ. ಮನೆಯ ಹಾಲನ್ನು ಪ್ಲೈವುಡ್ ಹಲಗೆಯಿಂದ ಎರಡು ಪಾಲು ಮಾಡಿದ್ದರು. ಒಂದು ಪಾಲು ಸುಮತಿ ಮತ್ತು ಅವಳ ರೂಮ್‌ಮೇಟಿನದು. ನಾನು ಬರುತ್ತೇನೆಂದು ಆ ಹುಡುಗಿ ಹದಿನೈದು ದಿನಕ್ಕೆ ಅಕ್ಕನ ಮನೆಗೆ ಹೋಗಿದ್ದಳು. ಹಲಗೆಯ ಆಚೆ ಪೊರ್ಬುಗಳ ಟಿ.ವಿ., ಅವರ ಹೆಂಡತಿ ಲವೀನಾ ಬಾಯಿಯ ಪ್ರಾರ್ಥನೆ, ಇಬ್ಬರ ಕೆಮ್ಮು. ಎಲ್ಲವೂ ನಮ್ಮ ಮಂಚದ ಮೇಲೆಯೇ ನಡೆದ ಹಾಗೆ ಕೇಳುತ್ತಿತ್ತು.

ಸುಮತಿಯ ಆಸ್ಪತ್ರೆಯವರು ಅವಳನ್ನು ಆರು ತಿಂಗಳ ಮಟ್ಟಿಗೆಂದು ಅಬುಧಾಬಿಯ ಶಾಖೆಗೆ ಹಾಕಿದ್ದರು. ಆ ಆರು ತಿಂಗಳು ನಾಲ್ಕು ವರ್ಷ ದಾಟಿದೆ. ಇವತ್ತೋ ನಾಳೆಯೋ ವಾಪಸ್ ಕರೆದಾರು ಎಂದು ಅವಳು ಮನೆ ಬದಲಿಸಿಲ್ಲ. ಬೆಳಗ್ಗೆ ಐದಕ್ಕೆ ಹೊರಡುತ್ತಾಳೆ, ನೂರ ನಲವತ್ತು ಕಿಲೋಮೀಟರು. ಸಂಜೆ ಅಷ್ಟೇ ದೂರ ವಾಪಸ್. ಅವಳ ಕಾರು ಒಂದು ಹಳೆಯ, ಚಿಕ್ಕ, ಬೂದು ಬಣ್ಣದ್ದು. ಅಲ್ಲಿ ಲೈಸೆನ್ಸ್ ತೆಗೆಯುವುದೆಂದರೆ ಐ.ಎ.ಎಸ್. ಪಾಸಾದ ಹಾಗೆ. ನಾಲ್ಕು ಸಲ ಫೇಲಾಗಿ ಐದನೆಯದರಲ್ಲಿ ಪಾಸಾದಾಗ ನಾನು ಇಡೀ ಡಿಪೋಕ್ಕೆ ಜಿಲೇಬಿ ಹಂಚಿದ್ದೆ.

ಮೊದಲ ವಾರ ನಾನು ಮಾಡಿದ್ದು ಕಾಯುವ ಕೆಲಸ. ಬೆಳಗ್ಗೆ ಅವಳ ಬುತ್ತಿಗೆ ಚಪಾತಿ ಸುತ್ತಿಕೊಟ್ಟ ಮೇಲೆ ಹದಿನಾಲ್ಕು ಗಂಟೆ ನನ್ನವು. ಕಿಟಕಿಯಿಂದ ಎದುರು ಕಟ್ಟಡದ ಕಿಟಕಿ ಕಾಣುತ್ತದೆ. ಅಲ್ಲಿ ಬನಿಯನ್ ಹಾಕಿದ ಒಬ್ಬ ಮನುಷ್ಯ ನನ್ನ ಹಾಗೇ ನಿಂತಿರುತ್ತಿದ್ದ. ಮೂರನೇ ದಿನ ಕೈ ಬೀಸಿದೆ. ಪರದೆ ಎಳೆದುಕೊಂಡ.

ನನಗೆ ಹೆಚ್ಚು ಕಷ್ಟವಾದದ್ದು ಸಂಜೆ. ಅಲ್ಲಿಯ ಐದೂಮುಕ್ಕಾಲು ಅಂದರೆ ನಮ್ಮ ಏಳೂಕಾಲು. ಫೋನು ಸುಮ್ಮನಿರುತ್ತಿತ್ತು. ನಾನು ಅವಳ ಮನೆಯಲ್ಲೇ ಇರುವಾಗ ಯಾಕೆ ಫೋನು ಮಾಡುತ್ತಾಳೆ? ನ್ಯಾಯವೇ. ಆದರೆ ಎಂಟೊಂಬತ್ತು ವರ್ಷದಿಂದ ಆ ಹೊತ್ತಿಗೆ ಸಿಗುತ್ತಿದ್ದ ಹೆಂಡತಿ, ಅವಳದೇ ಮಂಚದ ಮೇಲೆ ಕೂತಾಗ ಸಿಗಲಿಲ್ಲ. ಪುತ್ತೂರಿನಲ್ಲಿ ಅಷ್ಟು ಒಂಟಿ ಅನ್ನಿಸಿದ್ದು ನನಗೆ ನೆನಪಿಲ್ಲ.

ಏಳು ಗಂಟೆ ದಾಟಿ ಐದು ನಿಮಿಷಕ್ಕೆ ಬಂದುಬಿಡುತ್ತಿದ್ದಳು. ಲವೀನಾ ಬಾಯಿ ರೇಗಿಸುತ್ತಿದ್ದರು: "ನೋಡಿ, ಗಂಡ ಬಂದ ಮೇಲೆ ಇವ್ಳು ಎಷ್ಟು ಬೇಗ ಬರ್ತಾಳೆ. ಮೊದಲೆಲ್ಲ ಏಳೂವರೆಯೇ!" ಸುಮತಿ ನಾಚಿಕೊಳ್ಳುತ್ತಿದ್ದಳು. ನಾನೂ ಒಳಗೊಳಗೇ ಹಿಗ್ಗಿದೆ. ಆದರೆ ಊಟ ಮಾಡಿ ಹಲಗೆಯ ಈಚೆ ಬಂದು ಕೂತರೆ ಇಬ್ಬರಿಗೂ ಮಾತೇ ಬರದು. ಪಿಸುಗುಟ್ಟಬೇಕು. ಪಿಸುಗುಟ್ಟಿ ಆಡುವಂಥ ಮಾತು ನಮ್ಮ ವಯಸ್ಸಿನವರಲ್ಲಿ ಎಷ್ಟಿದ್ದೀತು? ಅವಳು ನನ್ನ ಕೈಯನ್ನು ತನ್ನ ತಲೆಯ ಕೆಳಗಿಟ್ಟುಕೊಂಡು ಮಲಗಿಬಿಡುತ್ತಿದ್ದಳು.

ಶನಿವಾರದ ಊಟ

ಶನಿವಾರ ಅವಳಿಗೆ ರಜೆ. ಲವೀನಾ ಬಾಯಿ ಸಣ್ಣವು ಮತ್ತು ಕೋಳಿಸಾರು ಮಾಡಿ ನಮ್ಮನ್ನೂ ಮೇಜಿಗೆ ಕರೆದರು. ಸಣ್ಣವು ಅಂದರೆ ಕೊಂಕಣಿಯವರ ಮೆತ್ತನೆಯ ಇಡ್ಲಿ, ತಿಂದಷ್ಟೂ ಸಾಲದು. ಪೊರ್ಬುಗಳು ಕೈಯಲ್ಲಿ ಪೇಪರ್ ಹಿಡಿದೇ ಬಂದರು.

"ನೋಡಿ, ನಿಮ್ಮ ಸಬ್ಜೆಕ್ಟ್ ಬಂದುಂಟು. ಹೈವೇ ಸ್ಪೀಡ್ ಲಿಮಿಟ್ ಜಾಸ್ತಿ ಮಾಡ್ಬೇಕಾ ಬೇಡ್ವಾ ಅಂತ ಓದುಗರ ಕಾಗದ. ನಾನಂತೂ ಮಾಡ್ಬೇಕು ಹೇಳ್ತೇನೆ. ಇಂಥ ರೋಡು, ಒಂದು ಗುಂಡಿ ಇಲ್ಲ, ಒಂದು ದನ ಇಲ್ಲ. ಹಿಂದೆ ಕೆಲವು ಕಡೆ ನೂರ ಅರವತ್ತು ಇತ್ತು, ಕಮ್ಮಿ ಮಾಡಿದ್ರು. ಎಂತಕ್ಕೆ?"

"ರೋಡು ಸರಿ ಉಂಟು. ನಿಮ್ಮ ಕಣ್ಣು ಸರಿ ಉಂಟಾ?" ಎಂದರು ಲವೀನಾ ಬಾಯಿ. "ಮೊನ್ನೆ ಉಪ್ಪು ಹೇಳಿ ಸಕ್ಕರೆ ತಂದಿರಿ."

"ನೀನು ಸುಮ್ನಿರು. ಇವ್ರು ಹೇಳ್ಲಿ. ಬೆಳ್ಳಿ ಪದಕ ಉಂಟಲ್ಲ ಇವ್ರಿಗೆ."

ಪದಕದ ಹೆಸರೆತ್ತಿದರೆ ನಾನು ಬಿಡುವವನೇ? ಕೈ ತೊಳೆದು ಬಂದು ಶುರು ಮಾಡಿದೆ. ನಮ್ಮ ಬಸ್ಸಿಗೆ ಎಂಬತ್ತು ದಾಟದ ಹಾಗೆ ಗವರ್ನರ್ ಬಿಗಿದಿದ್ದಾರೆ, ಅದರಿಂದ ಯಾರ ಮದುವೆಯೂ ನಿಂತಿಲ್ಲ. ನೂರು ಕಿಲೋಮೀಟರಿನ ಖಾಲಿ ರಸ್ತೆ ಇದೆ ಅಂತಿಟ್ಟುಕೊಳ್ಳಿ. ನೂರ ನಲವತ್ತರಲ್ಲಿ ಹೋದರೆ ಹತ್ತಿರ ಹತ್ತಿರ ನಲವತ್ತಮೂರು ನಿಮಿಷ. ನೂರ ಅರವತ್ತರಲ್ಲಿ ಮೂವತ್ತೇಳೂವರೆ. ಉಳಿಯುವುದು ಐದು ನಿಮಿಷ ಚಿಲ್ಲರೆ. ಆ ಐದು ನಿಮಿಷಕ್ಕೆ ಬ್ರೇಕ್ ಹಾಕಿ ಗಾಡಿ ನಿಲ್ಲುವ ದೂರ ಎಷ್ಟು ಹೆಚ್ಚುತ್ತದೆ ಗೊತ್ತಾ? ಅದೂ ಬೋರ್ಡಿಗೆ ಇಪ್ಪತ್ತು ಸೇರಿಸಿ ಓದಿ ಅಭ್ಯಾಸವಾದವರ ಊರಿನಲ್ಲಿ. ನಾನು ಬೇಡ ಅಂತೀನಿ.

"ಕರೆಕ್ಟ್" ಎಂದರು ಲವೀನಾ ಬಾಯಿ.

ಸುಮತಿ ಅಷ್ಟು ಹೊತ್ತು ತಟ್ಟೆ ನೋಡುತ್ತಿದ್ದಳು. "ಐದು ನಿಮಿಷ ನಿಮ್ಗೆ ಕಮ್ಮಿ" ಎಂದಳು. "ದಿನಾ ಹೋಗುವವರಿಗೆ ಕಮ್ಮಿ ಅಲ್ಲ. ಜಾಸ್ತಿ ಮಾಡ್ಲಿ. ಆ ರಸ್ತೆ ಆದಷ್ಟು ಬೇಗ ಮುಗಿದ್ರೆ ಸಾಕು."

ಅವಳ ಬಾಯಲ್ಲಿ ಆ ಮಾತು ನಾನು ಎಣಿಸಿರಲಿಲ್ಲ. ಕ್ಲಚ್ಚು ಬ್ರೇಕು ಹೇಳಿಕೊಟ್ಟವನು ನಾನೇ, ಪುತ್ತೂರಿನ ಕಾಲೇಜು ಮೈದಾನದಲ್ಲಿ. "ನನ್ನ ಹೆಂಡತಿಯಾಗಿ ಹಿಂಗಂತೀಯಲ್ಲೇ" ಎಂದೆ. ಪೊರ್ಬುಗಳು ಮೇಜು ಬಡಿದು ನಕ್ಕರು. ಅವಳೂ ನಕ್ಕಳು, ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಬರ್ ದುಬೈ

ಎರಡನೇ ವಾರ ಗೋಡೆ ನೋಡಿ ಸಾಕಾಯಿತು. ಒಬ್ಬನೇ ಬರ್ ದುಬೈಯ ಹಳೆಯ ಪೇಟೆಗೆ ಹೊರಟೆ. ರಸ್ತೆ ದಾಟುವಾಗ ಬಿಳಿ ಪಟ್ಟೆಯ ಹತ್ತಿರ ನಿಂತರೆ ಒಂದು ದೊಡ್ಡ ಕಾರು ನಿಂತುಬಿಟ್ಟಿತು. ಚಾಲಕ ನನಗೆ ಹೋಗಿ ಎಂದು ಕೈ ಮಾಡಿದ. ನಮ್ಮಲ್ಲಿ ಯಾರಾದರೂ ನಿಂತರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ನಾನು ಅವನಿಗೆ ನೀವು ಹೋಗಿ ಎಂದು ಕೈ ಮಾಡಿದೆ. ಅವನು ಮತ್ತೆ ನನಗೆ. ಹಿಂದೆ ಆರೇಳು ಗಾಡಿ ಸೇರಿದವು, ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಕೊನೆಗೆ ಅವನು ಗಾಜಿಳಿಸಿ, "ಚಾಚಾ, ಪ್ಲೀಸ್" ಎಂದು ಹಿಂದಿಯವರ ಧಾಟಿಯಲ್ಲಿ ಬೇಡಿಕೊಂಡ. ತಲೆ ತಗ್ಗಿಸಿ ದಾಟಿದೆ. ಅವತ್ತು ನಾನು ಬೇರೊಬ್ಬರೊಡನೆ ಆಡಿದ ಮಾತು ಅಷ್ಟೇ, ಅದೂ ಅವನೇ ಆಡಿದ್ದು.

ಬಟ್ಟೆ ಅಂಗಡಿಗಳ ಸಾಲು, ಮಲ್ಲಿಗೆ ಮಾರುವ ಓಣಿ, ಎಲ್ಲ ಸುತ್ತಿ, ಊರೊಳಗೆ ಚಾಚಿದ ಸಮುದ್ರದ ಖಾರಿಯ ದಡಕ್ಕೆ ಬಂದೆ. ಅಲ್ಲಿ ಅಬ್ರಾ ಎಂಬ ಮರದ ದೋಣಿಗಳು ಈ ದಡದಿಂದ ಆ ದಡಕ್ಕೆ ಜನ ಸಾಗಿಸುತ್ತವೆ. ದೋಣಿಯವ ನಡುವಿನ ಗುಂಡಿಯಲ್ಲಿ ನಿಂತು ಕಾಲಿನಿಂದ ಚುಕ್ಕಾಣಿ ತಿರುಗಿಸುತ್ತಿದ್ದ. ಸುತ್ತ ಇಪ್ಪತ್ತು ಜನ ಕೂತಿದ್ದೆವು, ಯಾರೂ ಅವನ ಹತ್ತಿರ ಮಾತಾಡಲಿಲ್ಲ. ಅಲ್ಲಿ ಬೋರ್ಡು ಇರಲಿಲ್ಲ, ಆದರೂ. ನಾನು ಆರು ಸಲ ಆಚೆ ಈಚೆ ಹೋಗಿ ಬಂದೆ. ಆರನೆಯ ಸಲ ಅವನು ನನ್ನನ್ನು ನೋಡಿ ಹುಬ್ಬು ಹಾರಿಸಿದ. ಇಬ್ಬರೂ ಡ್ರೈವರುಗಳೇ ಎಂದು ಹೇಳಬೇಕೆನ್ನಿಸಿತು. ಹಿಂದಿ ಕೈಕೊಟ್ಟಿತು.

ಸಂಜೆ ಸುಮತಿ ಬಂದ ಮೇಲೆ, "ನಾಳೆ ನಿನ್ನ ಜೊತೆ ಬರ್ತೀನಿ. ಈ ಮನೇಲಿ ಇನ್ನೊಂದಿನ ಕೂತರೆ ಹುಚ್ಚು ಹಿಡಿಯುತ್ತೆ. ನಿನ್ನ ಲ್ಯಾಬೂ ನೋಡಿದ ಹಾಗಾಯ್ತು" ಎಂದೆ.

"ಬೇಡ, ಇಡೀ ದಿನ ಎಲ್ಲಿ ಕೂರ್ತೀರಿ?" ಎಂದಳು. ನಾಲ್ಕು ಸಲ ಬೇಡ ಅಂದಳು. ಒಬ್ಬ ಗಂಡಸು ಇಡೀ ದಿನ ಹೊರಗೆ ಕಾಯುವುದು ಕಷ್ಟ ಎಂದು ಹಾಗೆ ಅನ್ನುತ್ತಾಳೆ ಅಂದುಕೊಂಡೆ.

ಅಬುಧಾಬಿ ರಸ್ತೆ

ಬೆಳಗ್ಗೆ ಐದಕ್ಕೆ ಹೊರಟೆವು. ಈ ಸಲ ಸರಿಯಾದ ಬಾಗಿಲಿಗೇ ಹೋದೆ. ಸೀಟ್ ಬೆಲ್ಟ್ ಬಿಗಿದು, ಕೈ ತೊಡೆಯ ಮೇಲಿಟ್ಟು, ಬಾಯಿ ಮುಚ್ಚಿ ಕೂತೆ. ಸುಮತಿ ಒಂದೆರಡು ಸಲ ನನ್ನ ಕಡೆ ನೋಡಿದಳು. ನಾನು ಮಾತಾಡಲಿ ಎಂದು ಕಾಯುತ್ತಿದ್ದಳೋ ಏನೋ. ಚಾಲಕರ ಪಕ್ಕ ಕೂತು ಹರಟುವ ಜಾತಿ ನನ್ನದಲ್ಲ.

ಅವಳು ರಸ್ತೆಯಲ್ಲಿ ಓಡಿಸುವುದನ್ನು ನೋಡಿದ್ದು ಅದೇ ಮೊದಲು. ಒಳ್ಳೆಯ ಕೈ. ಕನ್ನಡಿ ನೋಡುವುದು, ಲೇನ್ ಬದಲಿಸುವ ಮೊದಲು ಸಿಗ್ನಲ್ ಹಾಕುವುದು, ಎಲ್ಲ ಅಚ್ಚುಕಟ್ಟು. ಎದೆ ಉಬ್ಬಿತು ಎಂದು ಹೇಳಿಬಿಡುತ್ತೇನೆ. ಗೋಪುರಗಳು ಹಿಂದೆ ಬಿದ್ದವು. ಬಂದರಿನ ದೀಪಗಳು ಹೋದವು. ಎರಡೂ ಕಡೆ ಬೆಳಕು ಹರಿಯುತ್ತಿದ್ದ ಮರಳು ಬಂತು. ರಸ್ತೆ ಖಾಲಿಯಾಯಿತು. ಮುಳ್ಳು ನೂರ ಹತ್ತು, ನೂರ ಹದಿನೈದು.

ಟಿಂಗ್.

ಟಿಂಗ್. ಟಿಂಗ್. ಟಿಂಗ್.

ಮುಳ್ಳು ನೋಡಿದೆ. ನೂರ ಇಪ್ಪತ್ತೆರಡು. ನೂರ ಹದಿನೆಂಟಕ್ಕೆ ಇಳಿದಳು, ಸದ್ದು ನಿಂತಿತು. ಹಿಂದಿನಿಂದ ಒಂದು ಗಾಡಿ ಲೈಟು ಮಿನುಗಿಸಿತು. ಮತ್ತೆ ಒತ್ತಿದಳು, ಮತ್ತೆ ಟಿಂಗ್. ಅಲ್ಲಿಯ ಹಳೆಯ ಕಾರುಗಳಿಗೆಲ್ಲ ಹಾಗೆ, ನೂರ ಇಪ್ಪತ್ತು ದಾಟಿದರೆ ಎಚ್ಚರಿಸುವ ಗಂಟೆ. ಅದು ಆಮೇಲೆ ತಿಳಿದದ್ದು. ಆದರೆ ಸದ್ದನ್ನು ಮಾತ್ರ ಮೊದಲ ಟಿಂಗಿಗೇ ಹಿಡಿದೆ. ನಾಲ್ಕು ವರ್ಷ, ವಾರಕ್ಕೆ ಐದು ದಿನ, ಕಿವಿಗೆ ಫೋನು ಒತ್ತಿಕೊಂಡು ಕೇಳಿದ ಸದ್ದು. ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತಿದ್ದೆ.

ಅವಳ ಕಡೆ ತಿರುಗಿದೆ.

ಸುಮತಿಯ ಎರಡು ಕೈಯೂ ಸ್ಟಿಯರಿಂಗ್ ಮೇಲೆ ಬಿಳಿಚಿಕೊಂಡಿದ್ದವು. ನನಗೆ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಗಿತ್ತು. ಅಬುಧಾಬಿಯ ಗಡಿ ಬಂತು, ಇಪ್ಪತ್ತರ ಗ್ರೇಸ್ ಮುಗಿಯಿತು; ಸುತ್ತಲಿನ ಗಾಡಿಗಳೆಲ್ಲ ಮೇಷ್ಟರನ್ನು ಕಂಡ ಹುಡುಗರ ಹಾಗೆ ಒಟ್ಟಿಗೆ ನಿಧಾನಿಸಿದವು. ಬೋರ್ಡಿನಲ್ಲಿ ನೂರ ನಲವತ್ತು. ಅವಳು ನೂರ ಮೂವತ್ತೆಂಟಕ್ಕೆ ನಿಲ್ಲಿಸಿದಳು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅಲ್ಲಿಂದ ಅಬುಧಾಬಿಯವರೆಗೂ ಟಿಂಗ್ ಟಿಂಗ್ ನಿಲ್ಲಲೇ ಇಲ್ಲ.

ಆಸ್ಪತ್ರೆಯ ಪಾರ್ಕಿಂಗ್ ತಲುಪಿ ಇಂಜಿನ್ ಆಫ್ ಮಾಡಿದ ಮೇಲೆ ಕೇಳಿದೆ. "ಇದೇನಾ ನಿನ್ನ ಲ್ಯಾಬಿನ ಮಿಷನ್ನು?"

"ಲೇಟಾಗ್ತದೆ. ಸಂಜೆ ಮಾತಾಡುವ" ಎಂದು ಬ್ಯಾಗ್ ಎತ್ತಿಕೊಂಡು ಓಡಿದಳು.

ಅಬುಧಾಬಿ ಹೇಗಿತ್ತೆಂದು ಕೇಳಬೇಡಿ. ಸಮುದ್ರದ ದಂಡೆಯ ಬೆಂಚಿನ ಮೇಲೆ ಕೂತಿದ್ದೆ. ಸಮುದ್ರ ನೀಲಿಯೇ ಇತ್ತು. ತಲೆಯೊಳಗೆ ನಾಲ್ಕು ವರ್ಷದ ಮಾತುಗಳು ಓಡುತ್ತಿದ್ದವು. ಕರೆಂಟು ಬಿಲ್ಲಿನ ಬಗ್ಗೆ ಜಗಳವಾಡಿದ್ದೆ. ಮಗಳ ಜ್ವರ ಹೇಳಿದ್ದೆ. ಒಮ್ಮೆ ಸಿಟ್ಟಿನಲ್ಲಿ ಬಾಯಿಗೆ ಬಂದ ಹಾಗೆ ಬೈದು ಫೋನು ಕುಕ್ಕಿದ್ದೆ. ಎಲ್ಲವನ್ನೂ ನೂರ ಮೂವತ್ತರಲ್ಲಿ ಓಡುತ್ತಿದ್ದ ಗಾಡಿಯ ಚಾಲಕಿಗೆ ಹೇಳಿದ್ದೆ. ನನ್ನ ಪದಕ ಯಾವ ಮುಖಕ್ಕೆ? ಮಧ್ಯಾಹ್ನದ ಬಿಸಿಲಿಗೆ ಬೆಂಚು ಕಾದು ಏಳಬೇಕಾಯಿತು. ಊಟ ಸೇರಲಿಲ್ಲ.

ಪೆಟ್ರೋಲ್ ಬಂಕ್

ಸಂಜೆ ಊರು ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನ ಹತ್ತಿರ ಅವಳೇ ಗಾಡಿ ನಿಲ್ಲಿಸಿದಳು. ಎರಡು ಕಪ್ ಕಡಕ್ ಚಹಾ ತಂದಳು. ಇಬ್ಬರೂ ಗಾಜಿನಾಚೆ ರಸ್ತೆ ನೋಡುತ್ತಾ ಕೂತೆವು.

"ಫೋನ್ ಕೈಯಲ್ಲಿ ಹಿಡಿಯುದಿಲ್ಲ. ಕಾರಿನ ಸ್ಪೀಕರಲ್ಲಿ ಬರ್ತದೆ" ಎಂದಳು ಮೊದಲಿಗೆ.

"ಯಾಕೆ ಸುಳ್ಳು ಹೇಳಿದೆ?"

"ಹೇಳಿದ್ರೆ ನೀವು ಫೋನ್ ಇಟ್ಟುಬಿಡ್ತಿದ್ರಿ."

"ಇಟ್ಟುಬಿಡ್ತಿದ್ದೆ. ಮನೆಗೆ ಹೋಗಿ ಮಾಡಬಹುದಿತ್ತಲ್ಲ?"

"ಯಾವ ಮನೆಗೆ?" ನನ್ನ ಕಡೆ ತಿರುಗಿದಳು. "ಆ ಹಲಗೆ ನೋಡಿದ್ರಲ್ಲ? ಒಂದು ಕಡೆ ಟಿ.ವಿ., ಒಂದು ಕಡೆ ಆ ಹುಡುಗಿ. ಜೋರಾಗಿ ನಗುವ ಹಾಗಿಲ್ಲ, ಅಳುವ ಹಾಗಿಲ್ಲ. ಈ ಕಾರೇ ನನ್ನ ಮನೆ ಮಾರಾಯ್ರೆ. ಬಾಗಿಲು ಹಾಕಿದ್ರೆ ನಾನು, ನೀವು, ಇಬ್ರೇ. ಅಷ್ಟು ಹೊತ್ತು ಮಾತ್ರ ನಂಗೆ ಸಂಸಾರ ಉಂಟು ಅಂತ ಆಗುದು."

ಆದರೂ ಕೇಳಬೇಕಿತ್ತು. "ಏನಾದರೂ ಆಗಿತ್ತಾ ಯಾವತ್ತಾದರೂ? ನಿಜ ಹೇಳು."

ಚಹಾದ ಕಪ್ಪನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. "ಒಂದ್ಸಲ. ನೀವು ಅತ್ತೆ ಹೋದ್ರು ಅಂತ ಹೇಳಿದ್ದು ಇಲ್ಲೇ ಮುಂದೆ, ಆ ಸೇತುವೆ ಹತ್ರ. ಕಣ್ಣು ತುಂಬಿ ಮುಂದಿನ ಕಾರಿನ ಬ್ರೇಕ್ ಲೈಟ್ ಕಾಣ್ಲೇ ಇಲ್ಲ. ತಿರುಗಿಸಿದೆ. ರೋಡಿನ ಬದಿಯಲ್ಲಿ, ಮರಳಲ್ಲಿ ಹೋಗಿ ನಿಂತ್ಕೊಂಡಿತು. ಎಂತ ಆಗ್ಲಿಲ್ಲ."

ಅವತ್ತು ಟಿಂಗ್ ಟಿಂಗ್ ನಿಂತದ್ದು ಅದಕ್ಕೆ. ಪುಣ್ಯಾತ್ಮರು ಯಾರೂ ಮಿಷನ್ ಆಫ್ ಮಾಡಿರಲಿಲ್ಲ. ಮರಳಿನ ಮೇಲೆ ಒಬ್ಬಳೇ ಕೂತು ನನಗೆ ಸಮಾಧಾನ ಹೇಳಿದ್ದಳು ನನ್ನ ಹೆಂಡತಿ.

"ಇನ್ನು ರಸ್ತೆಯಿಂದ ಫೋನ್ ಬೇಡ" ಎಂದೆ. "ಶನಿವಾರ, ಭಾನುವಾರ ಕೆಳಗೆ ಎಲ್ಲಾದರೂ ನಿಂತು ಮಾಡು."

"ಮಾತಾಡುವಾಗ ನಾನು ನಿಧಾನವೇ ಹೋಗುದು, ಆಚೆ ಲಾರಿಯ ಲೇನಲ್ಲಿ. ಲಾರಿ ದಾಟುವಾಗ ಮಾತ್ರ ಅದು ಟಿಂಗ್ ಹೇಳುದು."

"ಸುಮತಿ."

"ಮತ್ತೆ ದಾರಿಯಲ್ಲಿ ನಾನು ಎಂತ ಮಾಡುದು? ಒಂದೂವರೆ ಗಂಟೆ?"

"ರಸ್ತೆ ನೋಡು."

ತಲೆಯಾಡಿಸಿದಳು. ಅಲ್ಲಿಂದ ದುಬೈವರೆಗೆ ನಾನು ಮಾತಾಡಲಿಲ್ಲ. ಅವಳು ರಸ್ತೆ ನೋಡಿದಳು.

ಪುತ್ತೂರು, ಏಳೂಕಾಲು

ಬಂದು ಡ್ಯೂಟಿಗೆ ಸೇರಿದೆ. ಎಡಗಡೆ ಓಡಿಸುವುದು ಒಂದೇ ದಿನದಲ್ಲಿ ಅಭ್ಯಾಸವಾಯಿತು. ಏಳೂಕಾಲು ಅಭ್ಯಾಸವಾಗಲಿಲ್ಲ.

ಆ ಹೊತ್ತಿಗೆ ಫೋನನ್ನು ಎದುರಿಗಿಟ್ಟ ಸ್ಟೂಲಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಬರುವುದಿಲ್ಲ ಎಂದು ಗೊತ್ತು, ಬರಬಾರದು ಎಂದು ಹೇಳಿದವನೇ ನಾನು. ಈಗ ಆ ಬಂಕ್ ದಾಟಿರುತ್ತಾಳೆ, ಈಗ ಗಡಿ, ಈಗ ಬಂದರು ಎಂದು ಎಣಿಸುತ್ತಿದ್ದೆ. ಮನೆ ಮುಟ್ಟಿದ ಮೇಲೆ ಒಂದೇ ಶಬ್ದ ಕಳಿಸುತ್ತಿದ್ದಳು: "ಎತ್ತಿದೆ." ಅವರ ಕಡೆ ತಲುಪಿದೆ ಅನ್ನುವುದಕ್ಕೆ ಹಾಗೆ. ಅದು ಬಂದ ಮೇಲೆ ನಾನು ಊಟಕ್ಕೆ ಕೂರುತ್ತಿದ್ದೆ.

ಮೂರನೇ ವಾರ ಗಮನಿಸಿದೆ. ಮೊದಲ ದಿನ ಸಂದೇಶ ಬಂದದ್ದು ಎಂಟೂ ನಲವತ್ತಕ್ಕೆ. ಆಮೇಲೆ ಎಂಟೂ ಮೂವತ್ತೈದು. ಅವತ್ತು ಎಂಟೂ ಇಪ್ಪತ್ತೆಂಟು. ಮೊದಲೆಲ್ಲ, ಮಾತಾಡಿಕೊಂಡು ಬರುವಾಗ, ಅವಳು ಮನೆ ಸೇರುತ್ತಿದ್ದದ್ದು ನಮ್ಮ ಒಂಬತ್ತಕ್ಕೆ. ಲವೀನಾ ಬಾಯಿ ಹೇಳಿದ್ದು ನೆನಪಾಯಿತು: ಮೊದಲೆಲ್ಲ ಏಳೂವರೆಯೇ. ಅಲ್ಲಿ ಕೂತು ಹಿಗ್ಗಿದ ನನ್ನ ಬುದ್ಧಿಗೆ ಏನನ್ನಬೇಕು? ಗಂಡ ಬಂದ ಸಂತೋಷಕ್ಕಲ್ಲ, ಫೋನಿನಲ್ಲಿ ಗಂಡ ಇಲ್ಲದ್ದಕ್ಕೆ ಅವಳು ಬೇಗ ಬರುತ್ತಿದ್ದಳು.

"ಇಷ್ಟು ಬೇಗ ಯಾಕೆ?" ಎಂದು ಬರೆದೆ.

ಉತ್ತರ ಬಂತು: "ಮಾತಾಡ್ಲಿಕ್ಕೆ ಯಾರೂ ಇಲ್ಲ ಅಲ್ವಾ. ಬೇಗ ಮುಗೀಲಿ ಅಂತ ಒತ್ತುದು."

ಅವತ್ತು ಅನ್ನ ಹಾಗೇ ಆರಿತು. ಮರುದಿನ ಇಡೀ ಟ್ರಿಪ್ಪಿನಲ್ಲಿ ಸೀಟಿನ ಹಿಂದಿನ ಬೋರ್ಡು ನನ್ನ ಬೆನ್ನಿಗೆ ಒತ್ತುತ್ತಿದ್ದ ಹಾಗಾಯಿತು. ಅದು ತಪ್ಪು ಎಂದು ಈಗಲೂ ಹೇಳಲಾರೆ. ಹೊಸಬರಿಗೆ ಪಾಠ ಹೇಳಿ ಎಂದರೆ ಅದನ್ನೇ ಹೇಳುತ್ತೇನೆ. ಆದರೆ ಆ ರಸ್ತೆಯಲ್ಲಿ ಯಾವ ಗವರ್ನರೂ ಇಲ್ಲದೆ ಓಡುತ್ತಿರುವ ಒಂದು ಹಳೆಯ ಬೂದು ಕಾರು ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ.

ಏಳೂಕಾಲಿಗೆ ನಾನೇ ಫೋನು ಮಾಡಿದೆ.

"ಎಂತ ಆಯ್ತು?" ಎಂದಳು ಗಾಬರಿಯಲ್ಲಿ. ಹಿಂದೆ ಟಿಂಗ್, ಟಿಂಗ್, ಟಿಂಗ್.

"ಏನೂ ಆಗಿಲ್ಲ ಕಣೆ. ಕೆಟ್ಟ ಸುದ್ದಿ ಇದ್ದರೆ ಇನ್ನು ಮೇಲೆ ಶನಿವಾರಕ್ಕೆ ಇಡ್ತೀನಿ. ಜಗಳಾನೂ ಶನಿವಾರಕ್ಕೆ. ನೀನು ಲಾರಿ ಲೇನಿಗೆ ಹೋಗು. ಹೋದ್ಯಾ?"

ಲೇನ್ ಬದಲಿಸುವ ಸಿಗ್ನಲಿನ ಟಿಕ್ ಟಿಕ್ ಕೇಳಿಸಿತು.

"ಇವತ್ತು ಬೆಂಡೆಕಾಯಿ ಪಲ್ಯ ಮಾಡಿದೆ" ಎಂದೆ. "ಉಪ್ಪು ಜಾಸ್ತಿ ಆಯ್ತು. ಹಿಂಗೆ ಆದಾಗ ಏನು ಹಾಕ್ತಾರೆ?"

"ತೆಂಗಿನಕಾಯಿ ತುರಿ ಹಾಕಿ, ಸ್ವಲ್ಪ ಜಾಸ್ತಿಯೇ ಹಾಕಿ" ಎಂದಳು. ಟಿಂಗ್ ಟಿಂಗ್ ಇನ್ನೂ ಬರುತ್ತಿತ್ತು. ಹೋದ ರಜೆಗೆ ಬಂದಾಗ ತುರಿಯುವ ಮಣೆ ಎಲ್ಲಿಟ್ಟೆ ಎಂದು ಕೇಳಿದೆ. ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವಳು ನಿಧಾನವಾಗಿ ಹೇಳತೊಡಗಿದಳು, ಕಪಾಟಿನ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಹಳೇ ಪೇಪರಲ್ಲಿ ಸುತ್ತಿ. ಅಷ್ಟರಲ್ಲಿ ಆ ಕಡೆ ಸದ್ದು ನಿಂತಿತು.